ಸಬ್ಬತ್ತಿನ ಕಾವು, ಭಾನುವಾರದ ಆಲೂಗಡ್ಡೆ

ಕೆನೆ, ಚೀಸ್, ಬೆಣ್ಣೆಯ ನಡುವೆ ಆಲೂಗಡ್ಡೆಯ ಹೋಳುಗಳನ್ನು ಗಂಟೆಗಟ್ಟಲೆ ಸಣ್ಣ ಕಾವಿನಲ್ಲಿ ಬೇಯಿಸುವ ಅಡುಗೆಗೆ ಅಮೆರಿಕದಲ್ಲಿ 'ಚೀಸಿ ಪೊಟೇಟೋಸ್' ಎಂದು ಹೆಸರು. ಯೂಟಾ ರಾಜ್ಯದಲ್ಲಿ ಇದರದೇ ರೂಪಕ್ಕೆ 'ಫ್ಯೂನರಲ್ ಪೊಟೇಟೋಸ್', ಅಂದರೆ ಅಂತ್ಯಸಂಸ್ಕಾರದ ಆಲೂಗಡ್ಡೆ ಎನ್ನುತ್ತಾರೆ. ಮೂಲದಲ್ಲಿ ಇದು ಅವನ್‌ನಲ್ಲಿ ಬೇಯುವ ತಟ್ಟೆಯ ಅಡುಗೆ. ಗಂಟೆಗಟ್ಟಲೆ ಸಣ್ಣ ಕಾವಿನಲ್ಲಿ ಬೇಯಿಸುವ ವಿದ್ಯುತ್ ಪಾತ್ರೆ, ಅಂದರೆ ಸ್ಲೋ ಕುಕ್ಕರ್, ಬಂದ ಮೇಲೆ ಅದು ಮನೆಯವರೆಲ್ಲ ಒಟ್ಟಿಗೆ ಕೂರುವ ಊಟದ ಅಡುಗೆಯಾಗಿ ನೆಲೆಯೂರಿತು. ಮೂರು ವಿಷಲ್‌ಗೆ ಆಲೂಗಡ್ಡೆ ಬೇಯಿಸುವ ಮನೆಗಳಿಗೆ ನಾಲ್ಕು ಗಂಟೆಯ ಈ ವಿಧಾನ ಸೋಜಿಗವೆನಿಸಬಹುದು. ಆ ನಾಲ್ಕು ಗಂಟೆಗಳ ಅರ್ಥ ಪಾತ್ರೆಯ ಚರಿತ್ರೆಯಲ್ಲಿದೆ: ಅದು ಹುಟ್ಟಿದ್ದೇ ಅಡುಗೆ ಮಾಡುವವರಿಗೂ ಒಂದು ದಿನ ವಿಶ್ರಾಂತಿ ಸಿಗಬೇಕೆಂಬ ನಿಯಮದಿಂದ.

ಯೆಹೂದಿಗಳ ಸಬ್ಬತ್ತು ಶುಕ್ರವಾರ ಸೂರ್ಯಾಸ್ತಕ್ಕೆ ಶುರುವಾಗಿ ಶನಿವಾರ ಕತ್ತಲಾದ ಮೇಲೆ ಮುಗಿಯುತ್ತದೆ. ಅಷ್ಟು ಹೊತ್ತು ಬೆಂಕಿ ಹೊತ್ತಿಸುವಂತಿಲ್ಲ. ಆದರೂ ಶನಿವಾರ ಮಧ್ಯಾಹ್ನ ಬಿಸಿಯೂಟ ಬೇಕು. ಪೂರ್ವ ಯೂರೋಪಿನ ಯೆಹೂದಿ ಮನೆಗಳು ಕಂಡುಕೊಂಡ ದಾರಿ 'ಚೋಲೆಂಟ್': ಕಾಳು, ಬಾರ್ಲಿ, ಮಾಂಸ, ಆಲೂಗಡ್ಡೆಯನ್ನು ಗಡಿಗೆಯಲ್ಲಿ ತುಂಬಿ ಶುಕ್ರವಾರ ಸಂಜೆಯೇ ಊರಿನ ಬೇಕರಿಗೆ ಕೊಟ್ಟು ಬರುವುದು. ರೊಟ್ಟಿ ಸುಟ್ಟು ಮುಗಿದ ಒಲೆಯಲ್ಲಿ ಉಳಿದ ಕಾವು ರಾತ್ರಿಯಿಡೀ ನಿಧಾನವಾಗಿ ಇಳಿಯುತ್ತ ಗಡಿಗೆಯನ್ನು ಬೇಯಿಸುತ್ತಿತ್ತು. ಕುಳ್ಳಿನ ಕೆಂಡದ ಮೇಲೆ ಹಾಲಿನ ಗಡಿಗೆಯಿಟ್ಟು ಸಂಜೆಯ ಹೊತ್ತಿಗೆ ಕೆಂಬಣ್ಣದ ದಪ್ಪ ಕೆನೆ ತೆಗೆಯುತ್ತಿದ್ದ ಹಳ್ಳಿಮನೆಗಳಿಗೆ ಈ ಕಾವಿನ ಗುಣ ಗೊತ್ತು.

ಲಿಥುವೇನಿಯಾದ ವಿಲ್ನಾದಲ್ಲಿ ನಡೆಯುತ್ತಿದ್ದ ಈ ಬೇಕರಿ ಪದ್ಧತಿಯ ಕಥೆಯನ್ನು ಇರ್ವಿಂಗ್ ನ್ಯಾಕ್ಸನ್ ತಾಯಿಯ ಬಾಯಿಂದ ಕೇಳಿದ್ದರು. ಆ ಒಲೆಯಲ್ಲಿ ಶಾಖ ಗಡಿಗೆಯ ತಳಕ್ಕೆ ಮಾತ್ರ ತಾಗುತ್ತಿರಲಿಲ್ಲ, ಸುತ್ತಲೂ ಆವರಿಸುತ್ತಿತ್ತು. ಷಿಕಾಗೋದಲ್ಲಿ ನೆಲೆಸಿದ್ದ ಈ ಸಂಶೋಧಕ ಅದನ್ನೇ ವಿದ್ಯುತ್ತಿನಲ್ಲಿ ಸಾಧಿಸಿದರು. ಪಾತ್ರೆಯ ಸುತ್ತ ತಂತಿ ಸುತ್ತಿದ ಕವಚ, ಒಳಗೆ ಅಡುಗೆಯ ಪಾತ್ರೆ. ಪೇಟೆಂಟ್‌ಗೆ ಅರ್ಜಿ ಹಾಕಿದ್ದು 1936ರಲ್ಲಿ, ಪೇಟೆಂಟ್ ಸಿಕ್ಕಿದ್ದು 1940ರಲ್ಲಿ. ಅದು 'ನ್ಯಾಕ್ಸನ್ ಬೀನರಿ' ಎಂಬ ಹೆಸರಿನಲ್ಲಿ, ಕಾಳು ಬೇಯಿಸುವ ಪಾತ್ರೆಯಾಗಿ ಮಾರುಕಟ್ಟೆಗೆ ಬಂತು. 1970ರಲ್ಲಿ ಕಾನ್ಸಸ್ ಸಿಟಿಯ ರೈವಲ್ ಕಂಪನಿ ನ್ಯಾಕ್ಸನ್ ಅವರ ಸಂಸ್ಥೆಯನ್ನು ಕೊಂಡು, ಮರುವರ್ಷ ಅದೇ ಪಾತ್ರೆಗೆ 'ಕ್ರಾಕ್‌ಪಾಟ್' ಎಂದು ಹೆಸರಿಟ್ಟು ಬಿಡುಗಡೆ ಮಾಡಿತು. 1974ರಲ್ಲಿ ಒಳಪಾತ್ರೆಯನ್ನು ಎತ್ತಿ ತೊಳೆಯುವ ಅನುಕೂಲ ಬಂತು. 1975ರಲ್ಲಿ ಮೇಬಲ್ ಹಾಫ್‌ಮನ್ ಅವರ 'ಕ್ರಾಕರಿ ಕುಕರಿ' ಪುಸ್ತಕ ಲಕ್ಷಾಂತರ ಪ್ರತಿ ಮಾರಾಟವಾಯಿತು. ಹೆಂಗಸರು ಹೆಚ್ಚುಹೆಚ್ಚಾಗಿ ಹೊರಗಿನ ಕೆಲಸಕ್ಕೆ ಹೊರಟಿದ್ದ ದಶಕವದು. ಬೆಳಗ್ಗೆ ತುಂಬಿಟ್ಟು ಹೋದರೆ ಸಂಜೆ ಬರುವಷ್ಟರಲ್ಲಿ ಊಟ ಸಿದ್ಧವಿರುವ ಪಾತ್ರೆಗೆ ಆ ಮನೆಗಳಲ್ಲಿ ಜಾಗ ಕಾದಿತ್ತು.

ಚೀಸ್ ಆಲೂಗಡ್ಡೆಯ ಬೇರು ಇನ್ನೊಂದು ಕಡೆಯದು. ಯೂಟಾದಲ್ಲಿ ಲ್ಯಾಟರ್-ಡೇ ಸೇಂಟ್ಸ್ ಚರ್ಚಿನ, ಅಂದರೆ ಮಾರ್ಮನ್ ಪಂಥದ, ಹೆಂಗಸರ ಸಂಘಕ್ಕೆ ರಿಲೀಫ್ ಸೊಸೈಟಿ ಎಂದು ಹೆಸರು. 1842ರಲ್ಲಿ ಹುಟ್ಟಿದ ಈ ಸಂಘದವರು ಸಾವಾದ ಮನೆಯವರಿಗೂ ದೂರದಿಂದ ಬಂದ ನೆಂಟರಿಗೂ ಅಂತ್ಯಸಂಸ್ಕಾರದ ದಿನ ಊಟ ಮಾಡಿ ಬಡಿಸುವುದು ರೂಢಿ. ಆ ಊಟದಲ್ಲಿ ಈ ಆಲೂಗಡ್ಡೆ ತಪ್ಪದೆ ಇರುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸದೆ ಅಕ್ಕಪಕ್ಕದವರೇ ಅನ್ನ ತಂದುಕೊಡುವ ಪದ್ಧತಿ ಬಲ್ಲವರಿಗೆ ಇದರ ಮಮತೆಯನ್ನು ವಿವರಿಸಬೇಕಿಲ್ಲ. ವರ್ಷಕ್ಕಾಗುವಷ್ಟು ದಿನಸಿ ಕೂಡಿಡುವುದಕ್ಕೆ ಈ ಪಂಥದಲ್ಲಿ ಬಹುಕಾಲ ಒತ್ತಿತ್ತು. ಹಾಗಾಗಿ ಡಬ್ಬಿಯ ಸೂಪು ಸದಾ ಕಪಾಟಿನಲ್ಲಿರುತ್ತಿತ್ತು. ಕ್ಯಾಂಪ್‌ಬೆಲ್ ಕಂಪನಿಯ ಗಟ್ಟಿ ಅಣಬೆ ಸೂಪು 1934ರಿಂದ ಅಂಗಡಿಯಲ್ಲಿತ್ತು. ಸಾಸ್ ಮಾಡುವ ಶ್ರಮವನ್ನು ಇಂಥ ಡಬ್ಬಿಗಳೇ ತಪ್ಪಿಸಿದವು. 2002ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ಜನ ಅಂಗಿಗೆ ಸಿಕ್ಕಿಸಿಕೊಳ್ಳುವ ಸ್ಮರಣಿಕೆ ಪಿನ್‌ಗಳಲ್ಲಿ ಈ ಆಲೂಗಡ್ಡೆಯ ತಟ್ಟೆಯೂ ಒಂದಾಗಿತ್ತು.

ಮಾರ್ಮನ್ನರ ವಿಶ್ರಾಂತಿಯ ದಿನ ಭಾನುವಾರ. 2019ರಿಂದ ಅವರ ಭಾನುವಾರದ ಸಭೆ ಎರಡು ಗಂಟೆಯದು. ತಿಂಗಳ ಮೊದಲ ಭಾನುವಾರ ಸಾಮಾನ್ಯವಾಗಿ ಉಪವಾಸ. ಎರಡು ಹೊತ್ತಿನ ಊಟ ಬಿಟ್ಟು ಆಮೇಲೆ ಮನೆಮಂದಿಯೆಲ್ಲ ಕೂತು ಉಣ್ಣುತ್ತಾರೆ. ಯೆಹೂದಿ ಸಬ್ಬತ್ತಿಗಾಗಿ ಕಾದ ಗಡಿಗೆಯ ಕಾವು ಹೀಗೆ ಇನ್ನೊಂದು ಧರ್ಮದ ಸಬ್ಬತ್ತಿಗೆ ಬಂದು ಸೇರಿದ್ದು ಅಡುಗೆಯ ಚರಿತ್ರೆಯ ಸುಂದರ ಸಂಗತಿಗಳಲ್ಲಿ ಒಂದು.

ಅಂಥ ಒಂದು ಭಾನುವಾರದ ಪಾತ್ರೆಯನ್ನು ಹತ್ತಿರದಿಂದ ನೋಡಬಹುದು. ಎಂಟು ಜನರ ಊಟಕ್ಕೆ ಒಂದು ಕಿಲೋ ಆಲೂಗಡ್ಡೆ. ಸಿಪ್ಪೆ ಹೆರೆದು ಸುಮಾರು ಎರಡು ಸೆಂಟಿಮೀಟರ್ ಹೋಳು ಮಾಡಿ, ಕಪ್ಪಾಗದಂತೆ ನೀರಿನಲ್ಲಿ ಹಾಕಿ, ಆಮೇಲೆ ಬಸಿದು ಬಟ್ಟೆಯಲ್ಲಿ ಒರೆಸಬೇಕು. ಹೋಳುಗಳೆಲ್ಲ ಒಂದೇ ಗಾತ್ರದಲ್ಲಿದ್ದಷ್ಟೂ ಒಳ್ಳೆಯದು. ಒಳಪಾತ್ರೆಗೆ ಬೆಣ್ಣೆ ಸವರಬೇಕು. ಒಂದು ದೊಡ್ಡ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಐವತ್ತು ಗ್ರಾಂ ಬೆಣ್ಣೆಯಲ್ಲಿ ಬೇರೆಯಾಗಿ ಬಾಡಿಸಬೇಕು. ಹಸಿಯಾಗಿ ಹಾಕಿದರೆ ಎಷ್ಟು ಹೊತ್ತಾದರೂ ಹಸಿವಾಸನೆ ಉಳಿಯುತ್ತದೆ. ಸುಮಾರು 300 ಗ್ರಾಂನ ಒಂದು ಡಬ್ಬಿ ಗಟ್ಟಿ ಸೂಪನ್ನು ಒಂದು ಲೋಟ ಬಿಸಿ ಹಾಲಿನಲ್ಲಿ ಗಂಟಿಲ್ಲದಂತೆ ಕದಡಿ, ಈರುಳ್ಳಿ ಮತ್ತು ಮೆಣಸಿನಪುಡಿ ಸೇರಿಸಿ ಹೋಳುಗಳ ಮೇಲೆ ಸುರಿಯಬೇಕು. ಸೂಪಿನಲ್ಲೂ ಚೀಸಿನಲ್ಲೂ ಉಪ್ಪಿರುವುದರಿಂದ ಉಪ್ಪು ಹಾಕುವ ಕೈ ಹಿಡಿತದಲ್ಲಿರಬೇಕು. ಪಾತ್ರೆ ಅರ್ಧದಿಂದ ಮುಕ್ಕಾಲಿನೊಳಗೆ ತುಂಬಿದರೆ ಸರಿಯಾದ ಹದ. ಹತ್ತು ಗಂಟೆಗೆ ಮುಚ್ಚಳ ಮುಚ್ಚಿ 'ಹೈ'ಗೆ ತಿರುಗಿಸಿ ಮನೆಯವರು ಹೊರಡುತ್ತಾರೆ. ಸಭೆಯಿಂದ ಮರಳಿ ಬಾಗಿಲು ತೆರೆದಾಗ ಬೆಣ್ಣೆಯಲ್ಲಿ ಬೆಂದ ಈರುಳ್ಳಿಯ ಪರಿಮಳ ಹಜಾರದವರೆಗೆ ಬಂದಿರುತ್ತದೆ. ಗಾಜಿನ ಮುಚ್ಚಳದ ಒಳಗೆ ಹಬೆ ಹನಿಗಟ್ಟಿ ಅಂಚಿಗೆ ಜಾರುತ್ತಿರುತ್ತದೆ. ಬದಿಗಳಲ್ಲಿ ಮಾತ್ರ ಸಣ್ಣ ಗುಳ್ಳೆಗಳು ಎದ್ದೆದ್ದು ಒಡೆಯುತ್ತವೆ, ನಡುಭಾಗ ಸುಮ್ಮನಿರುತ್ತದೆ. ಆಗಲೂ ಮುಚ್ಚಳ ತೆಗೆಯುವ ಆತುರ ಬೇಡ. ಒಮ್ಮೆ ತೆರೆದರೆ ಹೊರಟುಹೋದ ಶಾಖ ಮರಳಿ ಕೂಡಲು ಇಪ್ಪತ್ತು ನಿಮಿಷವಾದರೂ ಬೇಕು.

ಈ ಅಡುಗೆಯಲ್ಲಿ ಎಲ್ಲರನ್ನೂ ಕಾಡುವ ಪ್ರಶ್ನೆ ಒಂದಿದೆ. ಗಟ್ಟಿ ಮಾಂಸವನ್ನೇ ಎಳೆಎಳೆಯಾಗಿ ಬಿಡಿಸುವ ಸ್ಲೋ ಕುಕ್ಕರಿನಲ್ಲಿ ಆಲೂಗಡ್ಡೆಯಂಥ ಮೃದು ಗೆಡ್ಡೆ ಆರು ಗಂಟೆಯಾದರೂ ಕರಕರ ಎನ್ನುವುದೇಕೆ? ಉತ್ತರ ಗೆಡ್ಡೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್‌ನಲ್ಲಿದೆ. ಆಲೂಗಡ್ಡೆಯ ಪಿಷ್ಟ ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲೇ ನೀರು ಕುಡಿದು ಉಬ್ಬುತ್ತದೆ. ಆದರೆ ಪೆಕ್ಟಿನ್ ಚೆನ್ನಾಗಿ ಸಡಿಲಾಗಲು ಕುದಿಯ ಹತ್ತಿರದ ಬಿಸಿ ಬೇಕು. ಅದಕ್ಕೂ ಮೊದಲು, 50ರಿಂದ 70 ಡಿಗ್ರಿಯ ನಡುವೆ, ಗೆಡ್ಡೆಯೊಳಗಿನ ಒಂದು ಕಿಣ್ವ ಚುರುಕಾಗುತ್ತದೆ. ಅದು ಪೆಕ್ಟಿನ್‌ನ ರೂಪ ಬದಲಿಸಿ, ಗೆಡ್ಡೆಯಲ್ಲಿರುವ ಕ್ಯಾಲ್ಸಿಯಂ ಜೊತೆ ಗಂಟು ಹಾಕಿಕೊಳ್ಳುವಂತೆ ಮಾಡುತ್ತದೆ. ಕುದಿಯುವ ನೀರಿಗೆ ಬಿದ್ದ ಹೋಳು ಈ ಘಟ್ಟವನ್ನು ನಿಮಿಷಗಳಲ್ಲಿ ದಾಟುತ್ತದೆ. ಸ್ಲೋ ಕುಕ್ಕರಿನ ಹೋಳು ಇದೇ ಘಟ್ಟದಲ್ಲಿ ಒಂದೆರಡು ಗಂಟೆ ಕಳೆಯುತ್ತದೆ. ಬಿಸಿ ಏರಿದ ಮೇಲೆ ಕಿಣ್ವ ಸತ್ತರೂ ಅದು ಕಟ್ಟಿಸಿದ ಗಂಟು ಬೇಗ ಬಿಚ್ಚುವುದಿಲ್ಲ.

ಕನ್ನಡದ ಅಡುಗೆಮನೆಗೆ ಈ ರಸಾಯನಶಾಸ್ತ್ರ ಹೊಸದಲ್ಲ, ಹೆಸರು ಮಾತ್ರ ಹೊಸದು. ಗಡಸು ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂದು ಗೊಣಗುವವರು ದೂರುತ್ತಿರುವುದು ಇದೇ ಕ್ಯಾಲ್ಸಿಯಂ ಗಂಟನ್ನು. ಹೋಳು ಬೇಯುವ ಮೊದಲೇ ಸಾರಿಗೆ ಹುಣಸೆರಸ ಹಾಕಬಾರದು ಎಂದು ಸೊಸೆಗೆ ಅತ್ತೆ ಹೇಳಿಕೊಡುವುದೂ ಪೆಕ್ಟಿನ್ ಪಾಠವೇ, ಏಕೆಂದರೆ ಹುಳಿಯಲ್ಲಿ ಅದು ಸುಲಭಕ್ಕೆ ಕರಗದು. ಚೀಸ್ ಆಲೂಗಡ್ಡೆಗೆ ಬೀಳುವ ಸೋರ್ ಕ್ರೀಮ್, ಅಂದರೆ ಹುಳಿ ಬರಿಸಿದ ಕೆನೆ, ಮಾಡುವುದೂ ಅದನ್ನೇ. ಎತ್ತರದ ಪಾಲೂ ಇದೆ. ಸಾಲ್ಟ್ ಲೇಕ್ ಸಿಟಿ ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಮೇಲಿದ್ದು, ಅಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಬೆಂಗಳೂರಿನಲ್ಲಿ ಅದು ಸುಮಾರು 97.

ಕಾರಣ ತಿಳಿದರೆ ಉಪಾಯಗಳೂ ಅಲ್ಲಿಂದಲೇ ಹುಟ್ಟುತ್ತವೆ. ಬಹುತೇಕ ಸ್ಲೋ ಕುಕ್ಕರ್‌ಗಳಲ್ಲಿ 'ಲೋ' ಮತ್ತು 'ಹೈ' ಎರಡೂ ಕೊನೆಗೆ ಮುಟ್ಟುವುದು ಹೆಚ್ಚುಕಡಿಮೆ ಒಂದೇ ಬಿಸಿಯನ್ನು. ಮುಟ್ಟಲು ಹಿಡಿಯುವ ಹೊತ್ತು ಮಾತ್ರ ಬೇರೆ. ಆದ್ದರಿಂದ ಹಸಿ ಹೋಳುಗಳಿಗೆ ಮೊದಲಿನಿಂದಲೇ 'ಹೈ' ಮೇಲು. ಹಾಲು ಬಿಸಿಯಾಗಿಯೇ ಬೀಳಬೇಕು. ಹೋಳುಗಳು ತಳದಲ್ಲೂ ಬದಿಗೂ ತಾಗಿಕೊಂಡು ಕೂರಬೇಕು. ಹುಳಿಕೆನೆ ಕೊನೆಯ ಅರ್ಧ ಗಂಟೆಗೆ ಕಾಯಬೇಕು. ಅಮೆರಿಕದ ಮನೆಗಳು ಅಂಗಡಿಯ 'ಹ್ಯಾಶ್ ಬ್ರೌನ್', ಅಂದರೆ ಹೆಪ್ಪುಗಟ್ಟಿಸಿದ ಆಲೂಗಡ್ಡೆ ಹೋಳಿನ ಪೊಟ್ಟಣ ಬಳಸುವುದಕ್ಕೆ ಸೋಮಾರಿತನ ಕಾರಣವೆನ್ನುವವರಿದ್ದಾರೆ. ಆ ಮಾತು ಅನ್ಯಾಯದ್ದು. ಕಾರ್ಖಾನೆಯಲ್ಲಿ ಒಮ್ಮೆ ಬಿಸಿನೀರು ಕಂಡುಬಂದ ಆ ಹೋಳುಗಳು ಈ ಪಾತ್ರೆಯಲ್ಲಿ ಹಸಿಯವಕ್ಕಿಂತ ಬೇಗ ಮೆತ್ತಗಾಗುತ್ತವೆ. ಪೊಟ್ಟಣವನ್ನು ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿಟ್ಟು ಕರಗಿಸಿಕೊಳ್ಳಬೇಕು; ಮಂಜುಗಡ್ಡೆಯಾಗಿಯೇ ಹಾಕಿದರೆ ಅಡುಗೆ ಬಹಳ ಹೊತ್ತು ರೋಗಾಣು ಬೆಳೆಯುವ ಉಗುರುಬೆಚ್ಚನೆಯಲ್ಲಿ ಉಳಿಯುತ್ತದೆ. ತಳಿಯ ಆಯ್ಕೆಯೂ ಮುಖ್ಯ. ರಸೆಟ್‌ನಂಥ ಹಿಟ್ಟುಹಿಟ್ಟಾದ ಗೆಡ್ಡೆ ಕೊನೆಯಲ್ಲಿ ಮುದ್ದೆಯಾಗಿಬಿಡುತ್ತದೆ. ಕೆನಡಾದಲ್ಲಿ ಬೆಳೆಸಿ 1980ರಲ್ಲಿ ಬಿಡುಗಡೆಯಾದ ಯೂಕಾನ್ ಗೋಲ್ಡ್ ಒಳಗೆ ಬೆಣ್ಣೆಯಂತಾದರೂ ಹೋಳಿನ ಆಕಾರ ಬಿಡುವುದಿಲ್ಲ.

ಚೀಸಿನ ಸರದಿ ಕೊನೆಯದು. ಚೆಡ್ಡಾರ್ ಚೀಸ್ ಅಂದರೆ ಹಾಲಿನ ಪ್ರೋಟೀನಿನ ಬಲೆಯೊಳಗೆ ಹಿಡಿದಿಟ್ಟ ಕೊಬ್ಬು. ಮಿತವಾದ ಬಿಸಿಯಲ್ಲಿ ಬಲೆ ಸಡಿಲಾಗಿ ಚೀಸ್ ನೂಲುನೂಲಾಗಿ ಹರಿಯುತ್ತದೆ. ಗಂಟೆಗಟ್ಟಲೆ ಕಾದರೆ ಬಲೆ ಬಿಗಿದುಕೊಂಡು ಕೊಬ್ಬನ್ನು ಹಿಂಡಿ ಹೊರಹಾಕುತ್ತದೆ. ಮೇಲೆ ಎಣ್ಣೆ ತೇಲಿ, ಕೆಳಗೆ ರವೆಯಂಥ ಕಾಳು ಉಳಿಯುತ್ತದೆ. ಆದ್ದರಿಂದ ಫೋರ್ಕ್ ಚುಚ್ಚಿದರೆ ಹೋಳು ಸಲೀಸಾಗಿ ಬಿಡುವಂತಾದ ಮೇಲೆ ಮಾತ್ರ 225 ಗ್ರಾಂ ಚೀಸ್ ತುರಿ ಮತ್ತು ಒಂದೂವರೆ ಲೋಟ ಹುಳಿಕೆನೆಯನ್ನು ಮೆಲ್ಲಗೆ ಬೆರೆಸಿ, 'ಲೋ'ಗೆ ಇಳಿಸಿ, ಇಪ್ಪತ್ತು ಮೂವತ್ತು ನಿಮಿಷ ಬಿಡಬೇಕು. ಗಡ್ಡೆಯಿಂದ ಆಗಲೇ ತುರಿದ ಚೀಸ್ ಉತ್ತಮ. ಪೊಟ್ಟಣದ ತುರಿ ಅಂಟಿಕೊಳ್ಳದಿರಲೆಂದು ಸವರುವ ಪುಡಿಯಿಂದ ಸಾಸ್ ನುಣುಪು ಕಳೆದುಕೊಳ್ಳಬಹುದು.

ಮೇಲಿನ ಗರಿಗರಿಗೆ ಬೆಣ್ಣೆಯಲ್ಲಿ ಹುರಿದ ಕಾರ್ನ್‌ಫ್ಲೇಕ್ಸ್ ಬೇಕೇಬೇಕು. ಅವನ್‌ನ ಒಣಶಾಖದಲ್ಲಿ ಅದು ತಾನೇ ಕೆಂಪಗಾಗುತ್ತದೆ. ಸ್ಲೋ ಕುಕ್ಕರಿನಲ್ಲಿ ಹಬೆಯ ಹನಿ ಬಿದ್ದು ಅಂಬಲಿಯಂತಾಗುತ್ತದೆ. ಹಾಗಾಗಿ ಬಾಣಲೆಯಲ್ಲಿ ಬೇರೆಯಾಗಿ ಹುರಿದು ಬಡಿಸುವಾಗ ಉದುರಿಸುವುದೇ ಸರಿ.

ಕರ್ನಾಟಕದ ಮನೆಗಳಲ್ಲಿ ಇದನ್ನು ಮಾಡುವವರಿಗೆ ಕೆಲವು ಮಾತು. ಯೂಟಾದ ಮನೆಗಳಲ್ಲಿ ಹೆಚ್ಚು ಬಳಸುವ ಡಬ್ಬಿ ಕೋಳಿಯ ಸೂಪಿನದು. ಸಸ್ಯಾಹಾರಿಗಳಿಗೆ ಅಣಬೆ ಸೂಪು, ಅಥವಾ ಬೆಣ್ಣೆಯಲ್ಲಿ ಮೈದಾ ಹುರಿದು ಹಾಲೆರೆದು ಗಟ್ಟಿ ಮಾಡಿದ ಸಾಸ್ ಸಾಕು. ವಿದೇಶಿ ಚೀಸಿನಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಇರಬಹುದಾದ್ದರಿಂದ ಹಸಿರು ಚುಕ್ಕೆ ನೋಡಿ ಕೊಳ್ಳಬೇಕು. ಗೆಡ್ಡೆಗೆ ಹಾಸನದ ಆಲೂಗಡ್ಡೆಯೇ ಇದೆ. ಇನ್ನು ಪಾತ್ರೆ. ಅಮೆರಿಕದಲ್ಲಿರುವ ಮಕ್ಕಳು ಪ್ರೀತಿಯಿಂದ ತಂದುಕೊಡುವ ಸ್ಲೋ ಕುಕ್ಕರ್ 120 ವೋಲ್ಟಿನದು. ಅದನ್ನು ಇಲ್ಲಿನ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ಮೂರೂವರೆ ಪಟ್ಟಿಗೂ ಹೆಚ್ಚು ವಿದ್ಯುತ್ತನ್ನು ಎಳೆದು ತಂತಿ ಸುಟ್ಟುಹೋಗುತ್ತದೆ. ತಕ್ಕ ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮುಟ್ಟಬಾರದು. ಸ್ಲೋ ಕುಕ್ಕರೇ ಇಲ್ಲದಿದ್ದರೆ ದಪ್ಪ ತಳದ ಪಾತ್ರೆಯನ್ನು ತವದ ಮೇಲಿಟ್ಟು, ಸಣ್ಣ ಉರಿಯಲ್ಲಿ, ಆಗಾಗ ತಳ ಕೆದಕುತ್ತ ಒಂದು ಗಂಟೆ ಬೇಯಿಸಬಹುದು. ರುಚಿ ಹತ್ತಿರ ಬರುತ್ತದೆ, ವಿಶ್ರಾಂತಿ ಸಿಗುವುದಿಲ್ಲ.

ಉಳಿದದ್ದನ್ನು ಎರಡು ಗಂಟೆಯೊಳಗೆ ಅಗಲವಾದ ಡಬ್ಬಿಗೆ ಹಾಕಿ ಫ್ರಿಜ್ಜಿಗೆ ಸೇರಿಸಿದರೆ ಮೂರು ನಾಲ್ಕು ದಿನ ಇರುತ್ತದೆ. ಮತ್ತೆ ಬಿಸಿ ಮಾಡುವುದು ಒಲೆಯ ಮೇಲೆ ಅಥವಾ ಮೈಕ್ರೋವೇವ್‌ನಲ್ಲಿ. ತಣ್ಣಗಿನ ಆಹಾರವನ್ನು ಸ್ಲೋ ಕುಕ್ಕರ್ ಬೇಗ ಬಿಸಿ ಮಾಡಲಾರದು. ಖಾಲಿಯಾದ ಪಿಂಗಾಣಿ ಪಾತ್ರೆಗೆ ಬಿಸಿಯಿರುವಾಗಲೇ ತಣ್ಣೀರು ಹೊಯ್ದರೆ ಬಿರುಕು ಬಿಡುತ್ತದೆ. ಕಾವು ತಾನಾಗಿ ಇಳಿಯುವವರೆಗೆ ಅದನ್ನು ಹಾಗೆಯೇ ಬಿಡಬೇಕು. ಹೀಗಾಗಿ ಪಾತ್ರೆ ತೊಳೆಯುವ ಕೆಲಸವೂ ಸಂಜೆಯವರೆಗೆ ಕಾಯುತ್ತದೆ.