ಗಡಿ ದಾಟುವ ಗಂಗೆಯ ಲೆಕ್ಕ

ನಿಮ್ಮ ಭೂಪಟದ ಪುಸ್ತಕದಲ್ಲಿ ಪಶ್ಚಿಮ ಬಂಗಾಳದ ಪುಟವನ್ನು ತೆರೆದಿಟ್ಟುಕೊಳ್ಳಿ. ಬಿಹಾರವನ್ನು ದಾಟಿ ಬರುವ ಗಂಗೆ ಮುರ್ಷಿದಾಬಾದ್ ಜಿಲ್ಲೆಯಲ್ಲಿ ಎರಡಾಗಿ ಒಡೆಯುತ್ತದೆ. ಸಣ್ಣ ಕವಲು ಭಾಗೀರಥಿ ಎಂಬ ಹೆಸರಿನಿಂದ ದಕ್ಷಿಣಕ್ಕೆ ಇಳಿದು, ಹೂಗ್ಲಿಯಾಗಿ ಕೋಲ್ಕತ್ತವನ್ನು ಮುಟ್ಟುತ್ತದೆ. ದೊಡ್ಡ ಕವಲು ಪದ್ಮಾ ಎಂಬ ಹೆಸರು ಹೊತ್ತು ಬಾಂಗ್ಲಾದೇಶಕ್ಕೆ ಹೋಗುತ್ತದೆ. ಈ ಕವಲಿಗಿಂತ ತುಸು ಮೇಲೆ, ಗಡಿಯಿಂದ ಇಪ್ಪತ್ತು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ, ಫರಕ್ಕಾ ಎಂಬ ಊರಿದೆ. ಅಲ್ಲಿ ನದಿಗೆ ಅಡ್ಡಲಾಗಿ ಸುಮಾರು ಎರಡೂಕಾಲು ಕಿಲೋಮೀಟರು ಉದ್ದದ ಬ್ಯಾರೇಜು ನಿಂತಿದೆ.

1996ರಲ್ಲಿ ಭಾರತ ಮತ್ತು ಬಾಂಗ್ಲಾದೇಶಗಳು ಮಾಡಿಕೊಂಡ ಒಪ್ಪಂದದ ಪ್ರಕಾರ, ವರ್ಷದ ಜನವರಿ 1ರಿಂದ ಮೇ 31ರವರೆಗೆ ಎರಡೂ ದೇಶಗಳ ಎಂಜಿನಿಯರುಗಳು ಇಲ್ಲಿ ದಿನದಿನವೂ ನೀರನ್ನು ಅಳೆಯಬೇಕು. ಬ್ಯಾರೇಜಿನ ಕೆಳಗೆ ಹೋದದ್ದೆಷ್ಟು, ಕಾಲುವೆಗೆ ಹೋದದ್ದೆಷ್ಟು, ಹಡಗುಗಳಿಗಾಗಿ ಕಟ್ಟಿದ ದ್ವಾರದಲ್ಲಿ ಹೋದದ್ದೆಷ್ಟು ಎಂದು ಬರೆದುಕೊಳ್ಳಬೇಕು. ಬಾಂಗ್ಲಾದೇಶದೊಳಗೆ ಪದ್ಮಾ ನದಿಯ ಮೇಲಿರುವ ಹಾರ್ಡಿಂಜ್ ರೈಲು ಸೇತುವೆಯ ಬಳಿಯೂ ಇದೇ ಅಳತೆ ನಡೆಯಬೇಕು. ಎರಡು ದೇಶಗಳ ನಡುವಿನ ನೀರಿನ ರಾಜಕಾರಣವೆಲ್ಲ ಕೊನೆಗೆ ಬಂದು ನಿಲ್ಲುವುದು ಈ ದಿನಚರಿಯ ಅಂಕಿಗಳ ಮೇಲೆ.

ಐದೇ ತಿಂಗಳು ಏಕೆ ಎಂದು ನೀವು ಕೇಳಬಹುದು. ಮಳೆಗಾಲದಲ್ಲಿ ಹಂಚುವ ಮಾತೇ ಇಲ್ಲ. ಫರಕ್ಕಾ ಬ್ಯಾರೇಜನ್ನು ಸೆಕೆಂಡಿಗೆ 27 ಲಕ್ಷ ಘನ ಅಡಿ ನೀರು ಹಾದುಹೋಗುವಂತೆ ಕಟ್ಟಲಾಗಿದೆ. ಆ ಕಾಲದಲ್ಲಿ ಇಬ್ಬರಿಗೂ ಬೇಕಾದುದು ನೀರಲ್ಲ, ಪ್ರವಾಹದ ಮುನ್ಸೂಚನೆ. ಬೇಸಿಗೆಯ ಗಂಗೆಯೇ ಬೇರೆ. ಏಪ್ರಿಲ್ ಕೊನೆಯ ಹೊತ್ತಿಗೆ ಅದೇ ನದಿಯಲ್ಲಿ ಅರವತ್ತು ಸಾವಿರ ಘನ ಅಡಿಯೂ ಸಿಕ್ಕದಿರಬಹುದು.

ಸೆಕೆಂಡಿಗೆ ಒಂದು ಘನ ಅಡಿ ಹರಿಯುವುದಕ್ಕೆ ಒಂದು ಕ್ಯೂಸೆಕ್ ಎನ್ನುತ್ತಾರೆ. ಅದು ಸುಮಾರು 28 ಲೀಟರು, ಎಂದರೆ ಎರಡು ಕೊಡಕ್ಕಿಂತ ಕೊಂಚ ಕಡಿಮೆ. 35,000 ಕ್ಯೂಸೆಕ್ಸ್ ಒಂದು ಇಡೀ ದಿನ ಹರಿದರೆ ಮೂರು ಟಿ.ಎಂ.ಸಿ. ಆಗುತ್ತದೆ. ನಮ್ಮ ಕೃಷ್ಣರಾಜಸಾಗರ ತುಂಬಿದಾಗ ಹಿಡಿಯುವುದು ಸುಮಾರು 49 ಟಿ.ಎಂ.ಸಿ. ಎಂದಮೇಲೆ, ಖಾಲಿ ಕನ್ನಂಬಾಡಿಯನ್ನು ಹದಿನಾರು ದಿನಗಳಲ್ಲಿ ತುಂಬಿಸಬಲ್ಲ ಹರಿವು ಇದು. ಈ 35,000ದ ಸಂಖ್ಯೆಯನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಬ್ಯಾರೇಜು ಕಟ್ಟಿದ್ದು ನೀರಾವರಿಗಾಗಲಿ ವಿದ್ಯುತ್ತಿಗಾಗಲಿ ಅಲ್ಲ, ಕೋಲ್ಕತ್ತ ಬಂದರನ್ನು ಉಳಿಸಿಕೊಳ್ಳಲು. ಗಂಗೆಯ ಮುಖ್ಯ ಹರಿವು ಶತಮಾನಗಳಿಂದ ಪೂರ್ವಕ್ಕೆ, ಪದ್ಮಾದ ಕಡೆಗೆ ಸರಿಯುತ್ತಾ ಬಂದು, ಬೇಸಿಗೆಯಲ್ಲಿ ಭಾಗೀರಥಿಯ ಬಾಯಿ ಮುಚ್ಚಿಹೋಗುತ್ತಿತ್ತು. ಮೇಲಿನಿಂದ ನೀರು ಬಾರದ ಹೂಗ್ಲಿಯಲ್ಲಿ ಹೂಳು ತುಂಬಿ, ದೊಡ್ಡ ಹಡಗುಗಳು ಒಳಗೆ ಬರುವುದು ಕಷ್ಟವಾಯಿತು. ಗಂಗೆಯಿಂದ 40,000 ಕ್ಯೂಸೆಕ್ಸ್ ತಿರುಗಿಸಿದರೆ ಹೂಳು ಕೊಚ್ಚಿಹೋಗುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಅದಕ್ಕಾಗಿ ಸುಮಾರು 38 ಕಿಲೋಮೀಟರು ಉದ್ದದ ಕಾಲುವೆ ತೋಡಿದರು. 1961ರಲ್ಲಿ ಶುರುವಾದ ಕೆಲಸ ಮುಗಿದು 1975ರ ಏಪ್ರಿಲಿನಲ್ಲಿ ಕಾಲುವೆಗೆ ನೀರು ಬಿಟ್ಟರು.

ಈಗ ಒಂದು ಕಳೆಯುವ ಲೆಕ್ಕ ಮಾಡಿ. ಬೇಸಿಗೆಯಲ್ಲಿ ಬರುವುದು 55,000 ಎಂದುಕೊಳ್ಳಿ. ಅದರಲ್ಲಿ 40,000 ಕಾಲುವೆಗೆ ಹೋದರೆ ಪದ್ಮಾಕ್ಕೆ ಉಳಿಯುವುದು 15,000. ಜಗಳದ ಬೇರು ಇಷ್ಟೇ. ಕೆಳಗೆ ಬಾಂಗ್ಲಾದೇಶದ ನೈರುತ್ಯ ಭಾಗದಲ್ಲಿ ಪದ್ಮಾದಿಂದ ಒಡೆದು ಹೋಗುವ ಗೊರಾಯ್ ಎಂಬ ಕವಲಿದೆ. ಖುಲ್ನಾ ಸೀಮೆಗೂ ಸುಂದರಬನಕ್ಕೂ ಸಿಹಿನೀರು ಒಯ್ಯುವುದು ಮುಖ್ಯವಾಗಿ ಅದೇ. ಪದ್ಮಾ ಇಳಿದರೆ ಗೊರಾಯ್ ಬತ್ತುತ್ತದೆ. ಗೊರಾಯ್ ಬತ್ತಿದರೆ ಸಮುದ್ರದ ಉಪ್ಪುನೀರು ಹೊಳೆಗಳಲ್ಲಿ ಮೇಲೇರುತ್ತದೆ. ಗದ್ದೆಗೆ ಉಪ್ಪು ಹತ್ತಿದ ರೈತನಿಗೆ ಕೋಲ್ಕತ್ತ ಬಂದರಿನ ಹೂಳಿನ ಕಥೆ ಹೇಳಿ ಸಮಾಧಾನ ಮಾಡಲಾಗದು.

ಬ್ಯಾರೇಜಿನ ಯೋಚನೆ ಕಿವಿಗೆ ಬಿದ್ದಾಗಲೇ, 1951ರಲ್ಲಿ, ಅಂದಿನ ಪಾಕಿಸ್ತಾನ ಆಕ್ಷೇಪ ಎತ್ತಿತ್ತು. ಬಾಂಗ್ಲಾದೇಶ ಹುಟ್ಟಿದ ಮೇಲೆ 1972ರಲ್ಲಿ ಎರಡು ದೇಶಗಳೂ ಸೇರಿ ಜಂಟಿ ನದಿಗಳ ಆಯೋಗವನ್ನು ರಚಿಸಿದವು. 1975ರಲ್ಲಿ ಕಾಲುವೆಗೆ ನೀರು ಬಿಟ್ಟದ್ದು ಕೇವಲ 41 ದಿನಗಳ ಪ್ರಯೋಗಕ್ಕೆಂದು ಮಾಡಿಕೊಂಡ ತಾತ್ಕಾಲಿಕ ಒಪ್ಪಿಗೆಯ ಮೇಲೆ. ಅದೇ ಆಗಸ್ಟಿನಲ್ಲಿ ಶೇಖ್ ಮುಜಿಬುರ್ ರಹಮಾನರ ಹತ್ಯೆಯಾಯಿತು. ಸ್ನೇಹ ಕೆಟ್ಟಿತು. ಮರುವರ್ಷದ ಮೇ 16ರಂದು ವಯೋವೃದ್ಧ ನಾಯಕ ಮೌಲಾನಾ ಭಾಷಾನಿ ಫರಕ್ಕಾದತ್ತ ಜನರ ಮೆರವಣಿಗೆ ಹೊರಡಿಸಿದರು. ವಿಷಯ ವಿಶ್ವಸಂಸ್ಥೆಯ ಮಹಾಸಭೆಗೂ ಹೋಯಿತು. ಮಹಾಸಭೆ ತೀರ್ಪು ಕೊಡುವ ಜಾಗವಲ್ಲ. ಕೂತು ಮಾತಾಡಿಕೊಳ್ಳಿ ಎಂದಿತು. 1977ರ ನವೆಂಬರಿನಲ್ಲಿ ಐದು ವರ್ಷಗಳ ಒಪ್ಪಂದವಾಯಿತು. ಏಪ್ರಿಲ್ ಕೊನೆಯ ಹತ್ತು ದಿನ 55,000ದಲ್ಲಿ ಬಾಂಗ್ಲಾಕ್ಕೆ 34,500, ಭಾರತಕ್ಕೆ 20,500. ನದಿ ಎಷ್ಟೇ ಸೊರಗಿದರೂ ಬಾಂಗ್ಲಾಕ್ಕೆ ಅದರ ಪಾಲಿನ ಶೇಕಡಾ 80ರಷ್ಟು ಕೊಡಲೇಬೇಕು ಎಂಬ ಭರವಸೆಯೂ ಇತ್ತು. 1982 ಮತ್ತು 1985ರ ತಿಳಿವಳಿಕೆ ಪತ್ರಗಳು ಆ ಭರವಸೆಯನ್ನು ಕೈಬಿಟ್ಟು ಮುಂದುವರಿದವು. 1988ರಿಂದ 1996ರವರೆಗೆ ಯಾವ ಕರಾರೂ ಇಲ್ಲ. ನೀರು ಬಿಡುವುದೂ ಬಿಡದಿರುವುದೂ ಮೇಲಿನವನ ಮರ್ಜಿ.

ಆ ಬರಿದಾದ ಎಂಟು ವರ್ಷಗಳನ್ನು ಮುಗಿಸಿದ ಸಹಿಗಳಲ್ಲಿ ಒಂದು ಹಾಸನ ಜಿಲ್ಲೆಯವರದು. 1996ರ ಡಿಸೆಂಬರ್ 12ರಂದು ನವದೆಹಲಿಯಲ್ಲಿ ಪ್ರಧಾನಿ ಎಚ್.ಡಿ. ದೇವೇಗೌಡರೂ ಬಾಂಗ್ಲಾದ ಪ್ರಧಾನಿ ಶೇಖ್ ಹಸೀನಾ ಅವರೂ 30 ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿದರು. ದೇವೇಗೌಡರು ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಪಡೆದವರು, ಕರ್ನಾಟಕದ ನೀರಾವರಿ ಮಂತ್ರಿಯಾಗಿದ್ದವರು. ಕ್ಯೂಸೆಕ್ಸ್ ಎಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ವಿದೇಶಾಂಗ ಮಂತ್ರಿ ಐ.ಕೆ. ಗುಜ್ರಾಲ್ ಮತ್ತು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರ ಶ್ರಮವೂ ಇದರಲ್ಲಿ ಸೇರಿತ್ತು.

ಒಪ್ಪಂದದ ಸೂತ್ರ ಸರಳ. ಫರಕ್ಕಾಕ್ಕೆ ಬರುವ ನೀರು 70,000 ಕ್ಯೂಸೆಕ್ಸ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಇಬ್ಬರಿಗೂ ಅರ್ಧರ್ಧ. 70,000ದಿಂದ 75,000ದವರೆಗೆ ಇದ್ದರೆ ಬಾಂಗ್ಲಾಕ್ಕೆ 35,000, ಉಳಿದದ್ದು ಭಾರತಕ್ಕೆ. 75,000 ಮೀರಿದರೆ ಭಾರತಕ್ಕೆ 40,000, ಉಳಿದದ್ದೆಲ್ಲ ಬಾಂಗ್ಲಾಕ್ಕೆ. 90,000 ಬಂದರೆ ಬಾಂಗ್ಲಾಕ್ಕೆ 50,000 ಸಿಗುತ್ತದೆ. 74,000 ಬಂದರೆ 35,000 ಮಾತ್ರ. ಲೆಕ್ಕ ನಡೆಯುವುದು ಹತ್ತು ಹತ್ತು ದಿನಗಳ ಕಂತಿನಲ್ಲಿ.

ನಡುಬೇಸಿಗೆಗೆ ಬೇರೆಯದೇ ಏರ್ಪಾಡು. ಮಾರ್ಚ್ 11ರಿಂದ ಮೇ 10ರವರೆಗೆ ಆರು ಕಂತುಗಳಿವೆ. ಒಂದು ಕಂತಿನಲ್ಲಿ ಬಾಂಗ್ಲಾಕ್ಕೆ ಖಚಿತವಾಗಿ 35,000, ಮುಂದಿನ ಕಂತಿನಲ್ಲಿ ಭಾರತಕ್ಕೆ ಖಚಿತವಾಗಿ 35,000, ಹೀಗೆ ಸರದಿ. ಯಾರೂ ಸತತವಾಗಿ ಇಪ್ಪತ್ತು ದಿನ ಬಾಯಾರಬಾರದು ಎಂಬುದು ಇದರ ತಾತ್ಪರ್ಯ. ಒಪ್ಪಂದಕ್ಕೆ ಲಗತ್ತಿಸಿದ ಪಟ್ಟಿಯಲ್ಲಿ ಏಪ್ರಿಲ್ 21ರಿಂದ 30ರವರೆಗಿನ ಸಾಲನ್ನು ನೋಡಿ. ಬರುವ ನೀರು 60,992, ಸರದಿ ಬಾಂಗ್ಲಾದ್ದು, ಅದಕ್ಕೆ 35,000, ಭಾರತಕ್ಕೆ 25,992. ಅದರ ಹಿಂದಿನ ಹತ್ತು ದಿನ ಸರದಿ ಭಾರತದ್ದು, ಆಗ ಬಾಂಗ್ಲಾಕ್ಕೆ 27,633. ನಮ್ಮ ಕೆರೆ ಬಯಲಿನ ಊರುಗಳಲ್ಲಿ ನೀರುಗಂಟಿ ತೂಬು ತೆಗೆದು ಒಂದೊಂದು ಗದ್ದೆಗೆ ಸರದಿಯ ಮೇಲೆ ನೀರು ಬಿಡುತ್ತಿದ್ದುದನ್ನು ನಿಮ್ಮ ಅಜ್ಜಂದಿರು ಕಂಡಿರಬಹುದು. ಫರಕ್ಕಾದ ವ್ಯವಸ್ಥೆ ಆ ಸರದಿಯ ದೊಡ್ಡಣ್ಣ. ಆದರೆ ನೀರುಗಂಟಿ ಇಡೀ ಊರಿನ ಆಳು. ಫರಕ್ಕಾದಲ್ಲಿ ತೂಬಿನ ಕೀಲಿ ಇರುವುದು ಇಬ್ಬರು ಪಾಲುದಾರರಲ್ಲಿ ಒಬ್ಬನ ಕೈಯಲ್ಲಿ. ಅದಕ್ಕೇ ಜಂಟಿ ಅಳತೆಗೆ ಅಷ್ಟು ಬೆಲೆ.

ಪಟ್ಟಿಯ ಅಂಕಿಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆ ಮುಖ್ಯ. ಅವು 1949ರಿಂದ 1988ರವರೆಗಿನ ನಲವತ್ತು ವರ್ಷಗಳ ಸರಾಸರಿ. ಸರಾಸರಿಯ ನೀರು ಯಾವ ಏಪ್ರಿಲಿನಲ್ಲೂ ಹಾಗೆಯೇ ಹರಿದು ಬರುವುದಿಲ್ಲ. ಒಪ್ಪಂದದ ಮೊದಲ ಬೇಸಿಗೆಯಲ್ಲೇ, 1997ರಲ್ಲಿ, ಹರಿವು ನಿರೀಕ್ಷೆಗಿಂತ ಬಹಳ ಕೆಳಗಿಳಿದು ಢಾಕಾದಲ್ಲಿ ಗದ್ದಲವಾಯಿತು. ಈ ನಡುವೆ ಉತ್ತರ ಪ್ರದೇಶ, ಬಿಹಾರಗಳಲ್ಲಿ ಕಾಲುವೆಗಳೂ ಕೊಳವೆ ಬಾವಿಗಳೂ ಹೆಚ್ಚಿವೆ. ಫರಕ್ಕಾದವರೆಗೆ ಹಳೆಯ ಸರಾಸರಿಯ ನೀರನ್ನು ಕಾಪಾಡಲು ಮೇಲಿನ ದೇಶ ಎಲ್ಲ ಪ್ರಯತ್ನ ಮಾಡುತ್ತದೆ ಎಂದು ಒಪ್ಪಂದ ಹೇಳುತ್ತದೆ. ಪ್ರಯತ್ನಕ್ಕೆ ಅಳತೆ ಎಲ್ಲಿದೆ? ಬೇಸಿಗೆಯ ಹರಿವಿನ ದೊಡ್ಡ ಪಾಲು ನೇಪಾಳದಿಂದ ಇಳಿಯುವ ಉಪನದಿಗಳದು. ಆ ನೇಪಾಳ ಈ ಒಪ್ಪಂದದಲ್ಲಿ ಇಲ್ಲವೇ ಇಲ್ಲ. ಹಿಂದೆ ನೀರು ಹೆಚ್ಚಿಸುವ ಚರ್ಚೆ ನಡೆದಾಗ ಬ್ರಹ್ಮಪುತ್ರದಿಂದ ಗಂಗೆಗೆ ಕಾಲುವೆ ತರೋಣವೆಂದು ಭಾರತ, ನೇಪಾಳದಲ್ಲಿ ಅಣೆಕಟ್ಟು ಕಟ್ಟೋಣವೆಂದು ಬಾಂಗ್ಲಾ ಹಟ ಹಿಡಿದವು. ಎರಡೂ ಆಗಲಿಲ್ಲ.

ಜಗಳ ಬಂದರೆ ಬಗೆಹರಿಸುವವರು ಯಾರು? ಕಾವೇರಿಗೆ 1990ರಲ್ಲಿ ನ್ಯಾಯಮಂಡಳಿ ಬಂತು, 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಒಪ್ಪಲಿ ಬಿಡಲಿ, ರಾಜ್ಯಗಳ ಮೇಲೆ ಒಂದು ಪೀಠವಿದೆ. ಗಂಗೆಯ ಒಪ್ಪಂದದಲ್ಲಿ ಅಂಥ ಪೀಠವಿಲ್ಲ. ಜಂಟಿ ಸಮಿತಿಯಿಂದ ಜಂಟಿ ನದಿಗಳ ಆಯೋಗಕ್ಕೆ, ಅಲ್ಲಿಂದ ಎರಡು ಸರ್ಕಾರಗಳಿಗೆ. ಅಲ್ಲಿಗೆ ದಾರಿ ಮುಗಿಯಿತು. 1960ರ ಸಿಂಧೂ ಒಪ್ಪಂದದಲ್ಲಿ ತಟಸ್ಥ ತಜ್ಞರೂ ಮಧ್ಯಸ್ಥಿಕೆ ನ್ಯಾಯಾಲಯವೂ ಇದ್ದವು. ನೀರನ್ನು ಹಂಚುವ ಗೋಜಿಗೇ ಹೋಗದೆ ಪೂರ್ವದ ಮೂರು ನದಿ ಭಾರತಕ್ಕೆ, ಪಶ್ಚಿಮದ ಮೂರು ಮುಖ್ಯವಾಗಿ ಪಾಕಿಸ್ತಾನಕ್ಕೆ ಎಂದು ನದಿಗಳನ್ನೇ ಹಂಚಿದ್ದರು. ಅಷ್ಟೆಲ್ಲ ಇದ್ದೂ, ಪಹಲ್ಗಾಮ್ ದಾಳಿಯ ಬೆನ್ನಲ್ಲೇ 2025ರ ಏಪ್ರಿಲ್ 23ರಂದು ಭಾರತ ಅದನ್ನು ಅಮಾನತಿನಲ್ಲಿಟ್ಟಿತು. ಕಾಗದದ ಗಟ್ಟಿತನ ಒಂದು, ನೆರೆಯವರ ನಡುವಿನ ನಂಬಿಕೆ ಇನ್ನೊಂದು.

ಫರಕ್ಕಾದ ಮೇಲೆ ದೂರು ಹೇಳುವವರು ಬಾಂಗ್ಲಾದವರಷ್ಟೇ ಅಲ್ಲ ಎಂಬುದನ್ನೂ ಗಮನಿಸಿ. ಬ್ಯಾರೇಜಿನ ಹಿಂದೆ ಹೂಳು ನಿಂತು ನಮ್ಮಲ್ಲಿ ಪ್ರವಾಹ ಹೆಚ್ಚಿತು ಎಂಬುದು ಬಿಹಾರದ ದೂರು. 2016ರಲ್ಲಿ ಅಲ್ಲಿನ ಮುಖ್ಯಮಂತ್ರಿ ನಿತೀಶ್ ಕುಮಾರ್ ಬ್ಯಾರೇಜನ್ನೇ ತೆಗೆದುಹಾಕಿ ಎಂದರು. ಮಾಲ್ಡಾ, ಮುರ್ಷಿದಾಬಾದ್ ಜಿಲ್ಲೆಗಳಲ್ಲಿ ದಂಡೆ ಕುಸಿದು ಹಳ್ಳಿಗಳು ನದಿಯ ಪಾಲಾಗಿವೆ. ನಮ್ಮ ಸಂವಿಧಾನದಲ್ಲಿ ನೀರು ರಾಜ್ಯಗಳ ವಿಷಯ, ವಿದೇಶಗಳೊಡನೆ ಒಪ್ಪಂದ ಕೇಂದ್ರದ ವಿಷಯ. ರಾಜ್ಯ ಒಲ್ಲೆನೆಂದರೆ ದೆಹಲಿಯ ಕೈ ಕಟ್ಟಿದಂತೆಯೇ. ತೀಸ್ತಾ ನದಿಯ ಒಪ್ಪಂದ 2011ರಲ್ಲಿ ಸಹಿಯ ಹಂತಕ್ಕೆ ಬಂದು ನಿಂತುಹೋದದ್ದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿಯವರ ವಿರೋಧದಿಂದ. ಭಾರತ, ಬಾಂಗ್ಲಾ ಹಂಚಿಕೊಂಡಿರುವ ನದಿಗಳು 54. ಇಂಥ ದೀರ್ಘಾವಧಿಯ ಹಂಚಿಕೆ ಒಪ್ಪಂದ ಆದದ್ದು ಗಂಗೆಗೆ ಮಾತ್ರ.

ಕನ್ನಡಿಗರಾದ ನಮಗೆ ಈ ಮೇಲು ಕೆಳಗಿನ ಆಟ ಹೊಸದಲ್ಲ. ಕಾವೇರಿಯಲ್ಲಿ ತಮಿಳುನಾಡಿಗೆ ನಾವು ಮೇಲಿನವರು, ಕೃಷ್ಣೆಯಲ್ಲಿ ಮಹಾರಾಷ್ಟ್ರಕ್ಕೆ ಕೆಳಗಿನವರು. ಭಾರತದ ಪಾಡೂ ಹಾಗೆಯೇ. ಗಂಗೆಯಲ್ಲಿ ಅದು ಮೇಲಿನ ದೇಶ, ಬ್ರಹ್ಮಪುತ್ರದಲ್ಲಿ ಚೀನಾಕ್ಕೆ ಕೆಳಗಿನ ದೇಶ. ಗಡಿ ದಾಟುವ ನದಿಗಳಿಗೆ ಸಮಂಜಸ ಹಂಚಿಕೆ, ನೆರೆಯವನಿಗೆ ದೊಡ್ಡ ಹಾನಿ ಮಾಡದಿರುವುದು ಎಂಬ ಎರಡು ತತ್ವಗಳನ್ನು ವಿಶ್ವಸಂಸ್ಥೆ 1997ರಲ್ಲಿ ಒಂದು ಒಡಂಬಡಿಕೆಯಾಗಿ ಅಂಗೀಕರಿಸಿದಾಗ ಚೀನಾ ವಿರುದ್ಧ ಮತ ಹಾಕಿತು, ಬಾಂಗ್ಲಾ ಪರವಾಗಿ ಹಾಕಿತು, ಭಾರತ ಮತ ಹಾಕದೆ ಕುಳಿತಿತು. 2025ರ ಜುಲೈನಲ್ಲಿ ಚೀನಾ ಟಿಬೆಟ್ಟಿನಲ್ಲಿ ಅದೇ ನದಿಯ ಮೇಲೆ ಭಾರಿ ಜಲವಿದ್ಯುತ್ ಯೋಜನೆಯ ಕೆಲಸ ಆರಂಭಿಸಿತು. ಫರಕ್ಕಾದಲ್ಲಿ ನಾವು ಕೆಳಗಿನವನಿಗೆ ಹೇಳುವ ಮಾತನ್ನು ಬೀಜಿಂಗ್ ಕೇಳಿಸಿಕೊಳ್ಳುತ್ತಿರುತ್ತದೆ ಎಂದು ನನ್ನ ಅನಿಸಿಕೆ.

ದೇವೇಗೌಡ-ಹಸೀನಾ ಒಪ್ಪಂದದ 30 ವರ್ಷಗಳ ಅವಧಿ 2026ರ ಡಿಸೆಂಬರಿಗೆ ಮುಗಿಯುವಂಥದು. ಪರಸ್ಪರ ಸಮ್ಮತಿಯಿಂದ ನವೀಕರಿಸಬಹುದು ಎಂದು ಅದರಲ್ಲೇ ಬರೆದಿದೆ. 2024ರ ಜೂನಿನಲ್ಲಿ ಇದಕ್ಕಾಗಿ ತಾಂತ್ರಿಕ ಮಾತುಕತೆ ನಡೆಸುವುದಾಗಿ ಎರಡೂ ದೇಶಗಳು ಸಾರಿದವು. ರಾಜ್ಯವನ್ನು ಕೇಳದೆ ಮಾಡಬೇಡಿ ಎಂದು ಮಮತಾ ಪತ್ರ ಬರೆದರು. ಆಗಸ್ಟಿನಲ್ಲಿ ಢಾಕಾದಲ್ಲಿ ಹಸೀನಾ ಸರ್ಕಾರವೇ ಬಿತ್ತು. 1996ರ ಒಪ್ಪಂದ ಉದಾರವಾದದ್ದೇನಲ್ಲ. 1977ರ ಶೇಕಡಾ 80ರ ಭರವಸೆ ಅದರಲ್ಲಿಲ್ಲ ಎಂದು ಬಾಂಗ್ಲಾದ ಟೀಕಾಕಾರರು ಹೇಳುವುದು ನಿಜ. ಆದರೂ ಹಿಂದಿನ ಯಾವ ಕರಾರಿಗೂ ಇಲ್ಲದ ಆಯುಷ್ಯ ಅದಕ್ಕೆ ದೊರೆಯಿತು. ಇಬ್ಬರೂ ಒಂದೇ ಜಾಗದಲ್ಲಿ ನಿಂತು ಒಂದೇ ಅಂಕಿಯನ್ನು ಬರೆದುಕೊಂಡದ್ದು ಇದಕ್ಕೆ ದೊಡ್ಡ ಕಾರಣವೆಂದು ನಾನು ತಿಳಿದಿದ್ದೇನೆ.

ಈಗ ನೀವೇ ಜಂಟಿ ಸಮಿತಿಯಲ್ಲಿ ಕುಳಿತಿದ್ದೀರಿ ಎಂದುಕೊಂಡು ಒಂದು ಲೆಕ್ಕ ಮಾಡಿ. ಮಾರ್ಚ್ 21ರಿಂದ 31ರ ಕಂತು, ಸರದಿ ಭಾರತದ್ದು, ಬಂದ ನೀರು 62,000. ಭಾರತಕ್ಕೆ 35,000, ಬಾಂಗ್ಲಾಕ್ಕೆ 27,000. ಸರಿ. ಬಂದದ್ದು 48,000 ಮಾತ್ರವಾದರೆ? ಪಟ್ಟಿಯನ್ನು ಎಷ್ಟು ತಿರುವಿದರೂ ಉತ್ತರ ಸಿಗುವುದಿಲ್ಲ. 50,000ಕ್ಕಿಂತ ಕೆಳಗೆ ಹೋದಾಗ ಒಪ್ಪಂದದಲ್ಲಿ ಅಂಕಿಗಳೇ ಇಲ್ಲ. ಎರಡು ಸರ್ಕಾರಗಳು ಕೂಡಲೇ ಸಮಾಲೋಚನೆಗೆ ಕೂರಬೇಕು ಎಂಬ ಒಂದು ಸಾಲು ಮಾತ್ರ ಇದೆ.