ವಾಚೇ ಫೋನಾದರೆ ಸಾಕಾ?

ಫೋನ್ ಮನೆಯಲ್ಲೇ ಬಿಟ್ಟು, ಬರೀ ವಾಚ್ ಕಟ್ಟಿಕೊಂಡು ರೋಣದಿಂದ ಗಜೇಂದ್ರಗಡಕ್ಕೆ ಹೋಗಿ ಬರಬಹುದಾ? ಬರಬಹುದು. ಇ-ಸಿಮ್ ಇರುವ ವಾಚ್‌ನಲ್ಲಿ ಮಾತಾಡಬಹುದು, ಮೆಸೇಜ್ ಓದಬಹುದು. 2018ರಲ್ಲೇ ಜಿಯೋ, ಏರ್‌ಟೆಲ್ ನೆಟ್‌ವರ್ಕ್‌ನಲ್ಲಿ ಆ್ಯಪಲ್ ಇಂಥ ವಾಚ್ ಭಾರತಕ್ಕೆ ತಂದಿತು. ಆದರೆ ನೋಡಿ, ಅದನ್ನು ಚಾಲೂ ಮಾಡೋಕೇ ಮೊದಲು ಐಫೋನ್ ಬೇಕು! ಬ್ಯಾಟರಿಯೂ ಚಿಕ್ಕದು, ಸಿಗ್ನಲ್ ಕಡಿಮೆಯಾದಷ್ಟೂ ಬೇಗ ಖಾಲಿ.

ಇನ್ನು ನರಗುಂದದ ರೈತನ ವಿಷಯಕ್ಕೆ ಬನ್ನಿ. ಹೆಸರು, ಕಡಲೆ ಬಿತ್ತಿದವನು ತಾನೇ ಬೆಳೆ ಸಮೀಕ್ಷೆ ಮಾಡಬೇಕೆಂದರೆ ಹೊಲದಲ್ಲಿ ನಿಂತು ಆ್ಯಪ್‌ನಲ್ಲಿ ಫೋಟೊ ತೆಗೆಯಬೇಕು. ಪರಿಹಾರ, ವಿಮೆ, ಬೆಂಬಲ ಬೆಲೆಗೆಲ್ಲ ಆ ದಾಖಲೆಯೇ ಆಧಾರ. ಈ ವಾಚ್‌ಗೆ ಕ್ಯಾಮೆರಾನೇ ಇಲ್ಲ! ಸರ್ಕಾರವೇ ಫೋನಿನೊಳಗೆ ಹೋಗಿ ಕೂತಿರುವಾಗ ರೈತ ಫೋನ್ ಬಿಡೋದಾದರೂ ಹೇಗೆ?

ವಾಚ್ ಕೊಳ್ಳಿ, ನಾನು ಬೇಡ ಅನ್ನಲ್ಲ. ಫೋನ್ ಮಾತ್ರ ಮಾರಬೇಡಿ.