ಉದ್ರಿ ಹೊಳೆಯ ಮೀನು, ಮೇಪಲ್ ಕಾಡಿನ ಡೇರೆ

ಸೆಪ್ಟೆಂಬರ್ ಮಧ್ಯಕ್ಕೆ ಬಂದರೆ ಸಾಕು, ಟೊರಾಂಟೊ ಸುತ್ತಮುತ್ತಲಿನ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಪ್ರಶ್ನೆಗಳು ಓಡಾಡತೊಡಗುತ್ತವೆ. ಕಾಡಿನಲ್ಲಿ ಎಲೆ ಕೆಂಪಾಯಿತಾ? ಹೊಳೆಗೆ ಸಾಲ್ಮನ್ ಬಂತಾ? ಬೇಸಿಗೆಯ ಪಿಕ್ನಿಕ್‌ಗಳು ಮುಗಿದು, ರಾಜ್ಯೋತ್ಸವದ ಹಾಡು–ಕುಣಿತಗಳ ತಾಲೀಮು ಜೋರಾಗುವ ಮೊದಲು ಸಿಗುವ ಐದಾರು ವಾರಾಂತ್ಯಗಳೇ ಇಲ್ಲಿನ ಶರತ್ಕಾಲ. ಮುಂದೆ ನಾಲ್ಕೈದು ತಿಂಗಳು ಚಳಿಗೆ ಮನೆ ಸೇರಬೇಕಾದ ನಮ್ಮಂಥವರಿಗೆ ಆಕಾಶದಡಿ ಮಲಗಲು ಇದು ವರ್ಷದ ಕೊನೆಯ ಅವಕಾಶ.

ಮಿಸಿಸಾಗಾ, ಬ್ರ್ಯಾಂಪ್ಟನ್, ಓಕ್‌ವಿಲ್‌ಗಳಲ್ಲಿ ಹರಡಿಕೊಂಡಿರುವ ನಾವು ಏಳು ಕುಟುಂಬಗಳವರು ಕೆಲವು ವರ್ಷಗಳಿಂದ ಈ ದಿನಗಳಲ್ಲಿ ಡೇರೆ, ಗಾಳ, ಗ್ಯಾಸ್ ಒಲೆ ಕಾರಿಗೆ ತುಂಬಿಕೊಂಡು ಹೊರಡುತ್ತೇವೆ. ನಮ್ಮಲ್ಲಿ ಕುಂದಾಪುರದವರಿದ್ದಾರೆ, ತೀರ್ಥಹಳ್ಳಿ, ಮೈಸೂರು, ಹುಬ್ಬಳ್ಳಿಯವರಿದ್ದಾರೆ. ಅರ್ಧ ಜನಕ್ಕೆ ಮೀನಿಲ್ಲದಿದ್ದರೆ ಊಟ ಸೇರದು, ಇನ್ನರ್ಧ ಜನ ಮೀನು ಮುಟ್ಟದವರು. ಆದರೂ ತೊಡೆಯುದ್ದದ ರಬ್ಬರ್ ಬೂಟು ಹಾಕಿ ಹೊಳೆಗಿಳಿಯುವ ಹುಚ್ಚು ಎರಡೂ ಪಂಗಡಕ್ಕೆ ಹತ್ತಿದೆ. ಊರಿನ ಓದುಗರಿಗೆ ಇದು ಕುತೂಹಲವೆನಿಸೀತು, ಈಚೆಗೆ ಇಲ್ಲಿಗೆ ಬಂದಿಳಿದ ಕನ್ನಡಿಗರಿಗೆ ಉಪಯೋಗಕ್ಕೂ ಬಂದೀತು ಎಂದು ಬರೆಯುತ್ತಿದ್ದೇವೆ.

ಹೆಸರಲ್ಲೇ ಸಾಲ

ನಮ್ಮ ಮನೆಗಳಿಗೆ ಹತ್ತಿರದ ನದಿ ಕ್ರೆಡಿಟ್. ಆರೆಂಜ್‌ವಿಲ್ ಕಡೆಯಿಂದ ಹೊರಟು ಕ್ಯಾಲೆಡನ್ ಗುಡ್ಡಗಳನ್ನು ಇಳಿದು, ಸುಮಾರು 90 ಕಿಲೋಮೀಟರ್ ಹರಿದು, ಪೋರ್ಟ್ ಕ್ರೆಡಿಟ್ ಎಂಬಲ್ಲಿ ಒಂಟಾರಿಯೊ ಸರೋವರ ಸೇರುತ್ತದೆ. ಬಿ.ಕಾಂ., ಸಿ.ಎ. ಮುಗಿಸಿ ಜಮಾ–ಖರ್ಚಿನಲ್ಲೇ ಕೂದಲು ನರೆಸಿಕೊಳ್ಳುತ್ತಿರುವ ನಮಗೆ ಹೆಸರು ಕೇಳಿದೊಡನೆ ಕಿವಿ ನೆಟ್ಟಗಾಗಿತ್ತು. ವಿಚಾರಿಸಿದರೆ, ಊಹೆ ಸರಿಯೇ. ಹಿಂದೆ ತುಪ್ಪಳದ ವ್ಯಾಪಾರಿಗಳು ಈ ನದೀಮುಖದಲ್ಲಿ ಮಿಸಿಸಾಗಾ ಮೂಲನಿವಾಸಿಗಳಿಗೆ ಸಾಮಾನನ್ನು ಸಾಲವಾಗಿ ಕೊಡುತ್ತಿದ್ದರು. ಚಳಿಗಾಲ ಕಳೆದ ಮೇಲೆ ಆ ಸಾಲ ತುಪ್ಪಳದ ರೂಪದಲ್ಲಿ ವಾಪಸ್ಸಾಗುತ್ತಿತ್ತು. ಹೀಗೆ ನಂಬಿಕೆಯ ಮೇಲೆ ವ್ಯವಹಾರ ನಡೆದ ಜಾಗಕ್ಕೆ ಕ್ರೆಡಿಟ್ ಎಂಬ ಹೆಸರು ನಿಂತಿತು. ನಮ್ಮೂರ ಕಿರಾಣಿ ಅಂಗಡಿಯ ಭಾಷೆಯಲ್ಲಿ ಹೇಳಿದರೆ, ಉದ್ರಿ ಹೊಳೆ!

ಆ ಕಾಲದಲ್ಲಿ ಈ ಹೊಳೆಯ ತುಂಬ ಅಟ್ಲಾಂಟಿಕ್ ಸಾಲ್ಮನ್ ಇತ್ತು. ಮಿಸಿಸಾಗಾ ಜನರಿಗೆ ಅದು ಮುಖ್ಯ ಆಹಾರ. ವಲಸಿಗರು ಬಂದರು, ಕಾಡು ಕಡಿದರು, ಹೊಳೆಗೆ ಅಡ್ಡಲಾಗಿ ಗಿರಣಿಗಳ ಕಟ್ಟೆ ಕಟ್ಟಿದರು. ಮರ ಕೊಯ್ಯುವ ಗಿರಣಿಗಳ ಹೊಟ್ಟು ನೀರು ಸೇರಿತು. ಹಿಡಿಯುವುದಕ್ಕೂ ಲೆಕ್ಕವಿರಲಿಲ್ಲ. 1847ರಲ್ಲಿ ಮಿಸಿಸಾಗಾ ಸಮುದಾಯ ಈ ದಡವನ್ನೇ ಬಿಟ್ಟು ಇಂದಿನ ಹೇಗರ್ಸ್‌ವಿಲ್ ಬಳಿಗೆ ಹೋಗಬೇಕಾಯಿತು. ಹೋಗುವಾಗ ಹೊಳೆಯ ಹೆಸರನ್ನು ಮಾತ್ರ ಜೊತೆಗೆ ಒಯ್ದರು. ಇಂದಿಗೂ ಅವರು ‘ಮಿಸಿಸಾಗಾಸ್ ಆಫ್ ದ ಕ್ರೆಡಿಟ್’. ಹತ್ತೊಂಬತ್ತನೇ ಶತಮಾನ ಮುಗಿಯುವಷ್ಟರಲ್ಲಿ ಒಂಟಾರಿಯೊ ಸರೋವರದ ಮೂಲ ಸಾಲ್ಮನ್ ಸಂತತಿಯೂ ನಾಮಾವಶೇಷವಾಯಿತು.

ಈಗ ಶರತ್ಕಾಲದಲ್ಲಿ ನಮಗೆ ಕಾಣುವ ಭಾರೀ ಮೀನುಗಳಲ್ಲಿ ಹೆಚ್ಚಿನವು ಚಿನೂಕ್ ಸಾಲ್ಮನ್. ಇವು ಪೆಸಿಫಿಕ್ ಕಡಲಿನವು. 1960ರ ದಶಕದ ಕೊನೆಯಿಂದೀಚೆಗೆ ಚಿನೂಕ್, ಕೋಹೊ ಮರಿಗಳನ್ನು ತಂದು ಈ ಸರೋವರಕ್ಕೆ ಬಿಟ್ಟರು. ಅವೂ ನಮ್ಮ ಹಾಗೆ ಹೊರಗಿನಿಂದ ಬಂದು ನೆಲೆ ನಿಂತವು. ಮೂಲ ಅಟ್ಲಾಂಟಿಕ್ ಸಾಲ್ಮನ್ ಅನ್ನು ಮರಳಿ ತರುವ ಯೋಜನೆಯೊಂದು 2006ರಿಂದ ಕ್ರೆಡಿಟ್, ಡಫಿನ್ಸ್ ಕ್ರೀಕ್, ಕೋಬರ್ಗ್ ಬ್ರೂಕ್‌ಗಳಲ್ಲಿ ಆರಂಭವಾಯಿತು.

ಇಲ್ಲೂ ಹತ್ತುಮೀನು

ಸರೋವರದಲ್ಲಿ ಮೂರು–ನಾಲ್ಕು ವರ್ಷ ಬೆಳೆದ ಚಿನೂಕ್, ಮೊಟ್ಟೆಯಿಡಲು ತಾನು ಹುಟ್ಟಿದ ಹೊಳೆಯನ್ನು ವಾಸನೆಯ ಗುರುತಿನಿಂದ ಹುಡುಕಿ ಬರುತ್ತದೆ. ಹೊಳೆ ಸೇರಿದ ಮೇಲೆ ಅದು ಆಹಾರ ತಿನ್ನುವುದಿಲ್ಲ. ಪ್ರವಾಹಕ್ಕೆ ಎದುರಾಗಿ ಈಜಿ, ಕಟ್ಟೆಗಳನ್ನು ಹಾರಿ, ಜಲ್ಲಿಕಲ್ಲಿರುವ ಜಾಗ ಸಿಕ್ಕಾಗ ಹೆಣ್ಣುಮೀನು ಬಾಲದಿಂದ ಗುಂಡಿ ತೋಡಿ ಮೊಟ್ಟೆಯಿಡುತ್ತದೆ. ಅಲ್ಲಿಗೆ ಅದರ ಆಯುಸ್ಸು ಮುಗಿಯಿತು. ಕೆಲವೇ ದಿನಗಳಲ್ಲಿ ಗಂಡು–ಹೆಣ್ಣು ಎರಡೂ ಸಾಯುತ್ತವೆ.

ಇದನ್ನು ನೋಡಲು ಗಾಳವೂ ಬೇಡ, ಲೈಸೆನ್ಸೂ ಬೇಡ. ಕಾರಿಲ್ಲದ ವಿದ್ಯಾರ್ಥಿಗಳು ಓಲ್ಡ್ ಮಿಲ್ ಸಬ್‌ವೇ ನಿಲ್ದಾಣದಲ್ಲಿ ಇಳಿದು ಹಂಬರ್ ನದಿಯ ದಡಕ್ಕೆ ನಡೆದೇ ಹೋಗಬಹುದು. ಟೊರಾಂಟೊದಿಂದ ಪೂರ್ವಕ್ಕೆ ನೂರು ಕಿಲೋಮೀಟರ್ ದೂರದ ಪೋರ್ಟ್ ಹೋಪ್‌ನಲ್ಲಿ, ಗನರಾಸ್ಕಾ ನದಿಯ ಕಾರ್ಬೆಟ್ಸ್ ಅಣೆಕಟ್ಟೆಯ ಬಳಿ ಮೀನು ಏರಲೆಂದೇ ಕಟ್ಟಿದ ಮೆಟ್ಟಿಲುಗಳಿವೆ. ಸೆಪ್ಟೆಂಬರ್‌ನಲ್ಲಿ ಅಲ್ಲಿ ಮೀನು ಹಾರುವುದನ್ನು ನೋಡಲು ಜಾತ್ರೆಯಂತೆ ಜನ ಸೇರುತ್ತಾರೆ.

ಗೆಳೆಯರೊಬ್ಬರ ತಾಯಿ ತೀರ್ಥಹಳ್ಳಿಯಿಂದ ಬಂದಿದ್ದಾಗ ಅವರನ್ನೂ ಅಲ್ಲಿಗೆ ಕರೆದೊಯ್ದಿದ್ದೆವು. ಮೊಳಕ್ಕಿಂತ ಉದ್ದದ ಮೀನೊಂದು ನೀರಿನಿಂದ ಎಗರಿ, ಕಟ್ಟೆಗೆ ಬಡಿದು, ಬಿದ್ದು, ಮತ್ತೆ ಎಗರಿತು. ಅಮ್ಮ ಬೇಲಿ ಹಿಡಿದು ನಿಂತವರು, “ಇದು ನಮ್ಮ ಹತ್ತುಮೀನೇ ಕಣೋ. ಅಲ್ಲಿ ಮಳೆಗೆ ಗದ್ದೆಗೆ ಹತ್ತುತ್ತೆ, ಇಲ್ಲಿ ಚಳಿಗೆ ಹೊಳೆ ಹತ್ತುತ್ತೆ, ಅಷ್ಟೇ” ಎಂದರು. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಏರಿ ಬರುವ ಆ ರಾತ್ರಿಗಳನ್ನು ಕಂಡವರಿಗೆ ಇಲ್ಲಿನ ಸೆಪ್ಟೆಂಬರ್ ಅಪರಿಚಿತವೆನಿಸದು.

ಗರಿ ಕಟ್ಟಿದ ಗಾಳ

ನಮಗೆ ಗೊತ್ತಿದ್ದ ಗಾಳವೆಂದರೆ ಎರೆಹುಳು ಚುಚ್ಚಿ ಕಾಯುವ ಗಾಳ. ಪೂರ್ಣಚಂದ್ರ ತೇಜಸ್ವಿಯವರ ಓದುಗರಿಗೆ ಆ ಕಾಯುವಿಕೆಯ ರುಚಿ ಗೊತ್ತೇ ಇರುತ್ತದೆ. ಫ್ಲೈ ಫಿಶಿಂಗ್ ಬೇರೆ ಬಗೆಯದು. ಇದರಲ್ಲಿ ಹುಳುವಿಲ್ಲ. ಕೊಕ್ಕೆಯ ಮೇಲೆ ಹಕ್ಕಿಯ ಗರಿ, ತುಪ್ಪಳ, ಬಣ್ಣದ ನೂಲು ಸುತ್ತಿ ಕೀಟದ ವೇಷ ಕಟ್ಟುತ್ತಾರೆ. ಅದಕ್ಕೆ ತೂಕವೇ ಇಲ್ಲದ್ದರಿಂದ ಸಾಮಾನ್ಯ ಗಾಳದಂತೆ ಬೀಸಿ ಒಗೆದರೆ ಮುಂದೆ ಹೋಗದು. ಇಲ್ಲಿ ಭಾರವಿರುವುದು ದಾರಕ್ಕೆ. ಕೋಲನ್ನು ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ನೇರವಾಗುವವರೆಗೆ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ಆ ಅರೆಕ್ಷಣದ ತಾಳ್ಮೆಯಲ್ಲೇ ವಿದ್ಯೆಯೆಲ್ಲ ಇದೆ. ನಮ್ಮ ಮಕ್ಕಳು ಒಂದೇ ಮಧ್ಯಾಹ್ನದಲ್ಲಿ ಕಲಿತರು. ನಲವತ್ತು ದಾಟಿದ ನಮಗೆ ಎರಡು ಋತು ಬೇಕಾಯಿತು.

ಕಲಿಯಲು ಒಳ್ಳೆಯ ಜಾಗ ಟೊರಾಂಟೊದಿಂದ ಒಂದೂವರೆ ಗಂಟೆ ದಾರಿಯ ಫರ್ಗಸ್. ಅಲ್ಲಿ ಗ್ರ್ಯಾಂಡ್ ನದಿಗೆ 1942ರಲ್ಲಿ ಕಟ್ಟಿದ ಶಾಂಡ್ ಅಣೆಕಟ್ಟೆಯಿದೆ. ಜಲಾಶಯದ ತಳದ ತಣ್ಣೀರನ್ನು ಹೊರಬಿಡುವುದರಿಂದ ಕೆಳಗಿನ ಹೊಳೆ ಬೇಸಿಗೆಯಲ್ಲೂ ತಂಪಾಗಿರುತ್ತದೆ. ತಂಪು ನೀರು ಬೇಡುವ ಬ್ರೌನ್ ಟ್ರೌಟ್ ಮೀನಿಗೆ ಅದೇ ಸ್ವರ್ಗ. ಕೆಲವು ಭಾಗಗಳಲ್ಲಿ ಕೃತಕ ಕೀಟವನ್ನೇ ಬಳಸಬೇಕು, ಒಂದೇ ಕೊಕ್ಕೆ ಇರಬೇಕು, ಹಿಡಿದ ಮೀನನ್ನು ಬಿಡಲೇಬೇಕು. ಪಕ್ಕದ ಎಲೋರಾ ಕಮರಿಯಲ್ಲಿ ಡೇರೆ ಹಾಕಲು ಜಾಗವೂ ಉಂಟು. ಇಲ್ಲಿ ಟ್ರೌಟ್ ಋತು ಮುಗಿಯುವುದು ಸೆಪ್ಟೆಂಬರ್ 30ಕ್ಕೆ. ಅಕ್ಟೋಬರ್‌ನಲ್ಲಿ ಒಂಟಾರಿಯೊ ಸರೋವರ ಸೇರುವ ನದಿಗಳ ಕೆಳಭಾಗಗಳ ಸರದಿ.

ಹುಡುಗನೊಬ್ಬನ ಪ್ರಶ್ನೆ

ಒಂದು ಸಂಜೆ ಬೆಂಕಿ ಸುತ್ತ ಕೂತಿದ್ದಾಗ ಸಸ್ಯಾಹಾರಿ ಮನೆಯ ಹನ್ನೊಂದು ವರ್ಷದ ಹುಡುಗ ಕೇಳಿದ: “ಅಂಕಲ್, ತಿನ್ನೋದಿಲ್ಲ ಅಂದ್ಮೇಲೆ ಹಿಡಿಯೋದ್ಯಾಕೆ? ಅದಕ್ಕೆ ನೋವಾಗಲ್ವಾ?” ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ರಾತ್ರಿ ಚರ್ಚೆ ಹನ್ನೊಂದರವರೆಗೆ ನಡೆಯಿತು. ಕುಂದಾಪುರದವರ ವಾದ, ತಿನ್ನಲು ಹಿಡಿಯುವುದೇ ಪ್ರಾಮಾಣಿಕ, ಆಟಕ್ಕೆ ಮೀನು ಹಿಡಿಯುವುದು ಅದರ ಜೀವದ ಜೊತೆ ಚೆಲ್ಲಾಟ. ಮೈಸೂರಿನವರು, ಬಿಟ್ಟ ಮೀನು ಬದುಕುತ್ತದಲ್ಲ, ತಿಂದದ್ದು ಬದುಕುವುದಿಲ್ಲವಲ್ಲ ಎಂದರು. ಒಬ್ಬರು ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿಗೆ ಅಕ್ಕಿ, ಮಂಡಕ್ಕಿ ಹಾಕಿದ್ದನ್ನು ನೆನಪಿಸಿದರು. ಇನ್ನೊಬ್ಬರು 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ 120 ಪೌಂಡಿನ ಮಹಶೀರ್ ಕಥೆ ಹೇಳಿದರು. ಕಾವೇರಿ ಕಣಿವೆಯವರು ಬಿಳಿಮೀನು ಎನ್ನುವ ಅದೇ ಬಳಗದ ಡುಬ್ಬದ ಮಹಶೀರ್ ಇಂದು ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ಅದು ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಅಂತರರಾಷ್ಟ್ರೀಯ ಪಟ್ಟಿ ಸೇರಿತು.

ಹುಡುಗನ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರ ಇವತ್ತಿಗೂ ಸಿಕ್ಕಿಲ್ಲ. ಆದರೆ ಅಂದು ನಾವು ಕೆಲವು ಕಟ್ಟಳೆ ಹಾಕಿಕೊಂಡೆವು. ಮೊಟ್ಟೆಯಿಡುತ್ತಿರುವ ಮೀನಿಗೆ ಗಾಳ ಹಾಕಕೂಡದು, ಆ ಜಲ್ಲಿಯ ಮೇಲೆ ಕಾಲಿಡಲೂ ಕೂಡದು. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿಕೊಂಡೇ ನೀರಿಗಿಳಿಯಬೇಕು. ಬಿಡುವ ಮೀನನ್ನು ಒದ್ದೆ ಕೈಯಲ್ಲಿ, ನೀರಿನಲ್ಲೇ ಹಿಡಿದು ಬಿಡಬೇಕು, ಫೋಟೊಗೆಂದು ದಡಕ್ಕೆ ಎಳೆಯಬಾರದು. ಕೊಂಡೊಯ್ದರೆ ಅಂದೇ ಅಡುಗೆಯಾಗುವಷ್ಟು ಮಾತ್ರ. ಕೊನೆಯದನ್ನು ಪಾಲಿಸುವುದು ಸುಲಭ, ಏಕೆಂದರೆ ಹೊಳೆ ಹತ್ತಿದ ಚಿನೂಕ್‌ನ ಮಾಂಸ ಬಿಳಿಚಿ ಸಪ್ಪೆಯಾಗಿರುತ್ತದೆ. ನಮ್ಮ ಕುಂದಾಪುರದ ಅಕ್ಕ ಒಮ್ಮೆ ಸಾರು ಮಾಡಿ ಉಂಡು, “ಇದಕ್ಕೆ ಹಾಕಿದ ತೆಂಗಿನಕಾಯಿ ದಂಡ” ಎಂದು ತೀರ್ಪು ಕೊಟ್ಟಾಗಿದೆ. ಸರೋವರದ ಮೀನನ್ನು ತಿಂಗಳಿಗೆ ಎಷ್ಟು ಬಾರಿ ತಿನ್ನಬಹುದೆಂದು ಸರ್ಕಾರವೇ ಮಾರ್ಗಸೂಚಿ ಪ್ರಕಟಿಸುತ್ತದೆ. ಗರ್ಭಿಣಿಯರಿಗೆ, ಮಕ್ಕಳಿಗೆ ಪ್ರಮಾಣ ಇನ್ನೂ ಕಡಿಮೆ.

ಹೊರಡುವ ಮೊದಲು

ಹೊಸಬರು ತಿಳಿದಿರಬೇಕಾದ ಸಂಗತಿಗಳು ಇಷ್ಟು. ಒಂಟಾರಿಯೊದಲ್ಲಿ ಗಾಳ ಹಾಕಲು ಔಟ್‌ಡೋರ್ಸ್ ಕಾರ್ಡ್ ಮತ್ತು ಮೀನುಗಾರಿಕೆ ಲೈಸೆನ್ಸ್ ಎರಡೂ ಬೇಕು. ಕಾರ್ಡ್ ಮೂರು ವರ್ಷ ನಡೆಯುತ್ತದೆ. ಲೈಸೆನ್ಸಿನಲ್ಲಿ ಎರಡು ಬಗೆ. ಕಡಿಮೆ ಬೆಲೆಯ ‘ಕನ್ಸರ್ವೇಶನ್’ ಬಗೆಯಲ್ಲಿ ಇಟ್ಟುಕೊಳ್ಳಬಹುದಾದ ಮೀನಿನ ಸಂಖ್ಯೆಯೂ ಕಡಿಮೆ. ನಮಗೆ ಅದು ಧಾರಾಳ ಸಾಕು. ಕೆನಡಾ ನಿವಾಸಿಗಳಲ್ಲಿ 18 ತುಂಬದವರು, 65 ದಾಟಿದವರು ಲೈಸೆನ್ಸ್ ಕೊಳ್ಳಬೇಕಿಲ್ಲ. ಊರಿನಿಂದ ಕೆಲ ತಿಂಗಳ ಮಟ್ಟಿಗೆ ಬಂದ ಅಪ್ಪ–ಅಮ್ಮನಿಗೆ ವಯಸ್ಸು ಎಷ್ಟಾದರೂ ಈ ರಿಯಾಯಿತಿ ಇಲ್ಲ ಎಂಬುದನ್ನು ಹಲವರು ಮರೆಯುತ್ತಾರೆ. ಕೋಲು ಅವರ ಕೈಗೆ ಕೊಡುವ ಮುನ್ನ ಹೊರದೇಶದವರ ಲೈಸೆನ್ಸ್ ಕೊಳ್ಳಿ.

ಪ್ರಾಂತ್ಯವನ್ನು 20 ಮೀನುಗಾರಿಕೆ ವಲಯಗಳಾಗಿ ವಿಂಗಡಿಸಿದ್ದಾರೆ. ಯಾವ ಸೇತುವೆಯ ಮೇಲೆ ನಿಷೇಧ, ಕೆಳಗೆ ಅವಕಾಶ ಎಂಬುದು ವಾರ್ಷಿಕ ನಿಯಮಪುಸ್ತಕದಲ್ಲಿರುತ್ತದೆ, ಪ್ರತಿ ವರ್ಷ ಓದಿಕೊಳ್ಳಬೇಕು. ಮೀನಿನ ಮೈಗೆ ಬೇಕೆಂದೇ ಕೊಕ್ಕೆ ಸಿಕ್ಕಿಸಿ ಎಳೆಯುವುದು, ಮೊಟ್ಟೆ ತೆಗೆದುಕೊಂಡು ಮೀನನ್ನು ದಡದಲ್ಲಿ ಎಸೆದು ಹೋಗುವುದು ಅಪರಾಧ. ಒಬ್ಬಿಬ್ಬರು ಹೀಗೆ ಸಿಕ್ಕಿಬಿದ್ದರೂ ಹೆಸರು ಕೆಡುವುದು ನಮ್ಮಂಥ ಬಣ್ಣ, ಮಾತಿನ ಎಲ್ಲರದೂ. ಗಾಳವಿಲ್ಲದವರು ಟ್ಯಾಕಲ್‌ಶೇರ್ ಕಾರ್ಯಕ್ರಮದಡಿ ಕೆಲವು ಗ್ರಂಥಾಲಯ, ಪಾರ್ಕ್‌ಗಳಲ್ಲಿ ಪುಸ್ತಕದಂತೆ ಗಾಳವನ್ನೂ ಎರವಲು ಪಡೆಯಬಹುದು.

ಡೇರೆಯ ಜಾಗ ಐದು ತಿಂಗಳು ಮುಂಚೆ ಕಾದಿರಿಸಲು ತೆರೆಯುತ್ತದೆ. ಅಕ್ಟೋಬರ್‌ನ ಥ್ಯಾಂಕ್ಸ್‌ಗಿವಿಂಗ್ ವಾರಾಂತ್ಯಕ್ಕೆ ಮೇ ತಿಂಗಳಲ್ಲೇ ಬೆಳಿಗ್ಗೆ ಏಳಕ್ಕೆ ಕಂಪ್ಯೂಟರ್ ಮುಂದೆ ಕೂರಬೇಕು. 1893ರಲ್ಲಿ ಸ್ಥಾಪನೆಯಾದ ಅಲ್ಗಾಂಕ್ವಿನ್ ಪಾರ್ಕಿನ ಮೇಪಲ್ ಕಾಡು ನೋಡಲು ಎಲ್ಲರಿಗೂ ಆಸೆ. ಅಲ್ಲಿ ಸಿಗದಿದ್ದರೆ ಹತ್ತಿರದ ಬ್ರಾಂಟೆ ಕ್ರೀಕ್, ಡಾರ್ಲಿಂಗ್ಟನ್ ಪಾರ್ಕ್‌ಗಳಿವೆ. ರಾತ್ರಿ ಚಳಿ ಸೊನ್ನೆಯ ಹತ್ತಿರ ಇಳಿಯುತ್ತದೆ. ಎಷ್ಟೇ ನಡುಗಿದರೂ ಇದ್ದಿಲ ಅಗ್ಗಿಷ್ಟಿಕೆಯನ್ನು, ಗ್ಯಾಸ್ ಒಲೆಯನ್ನು ಡೇರೆಯೊಳಗೆ ಹಚ್ಚಬೇಡಿ, ಕಾರ್ಬನ್ ಮೊನಾಕ್ಸೈಡ್ ಸದ್ದಿಲ್ಲದೆ ಕೊಲ್ಲುತ್ತದೆ. ಕರಡಿಯ ಕಾಡಿನಲ್ಲಿ ಚಟ್ನಿಪುಡಿ ಡಬ್ಬಿಯಿಂದ ಹಲ್ಲುಜ್ಜುವ ಪೇಸ್ಟ್‌ವರೆಗೆ ವಾಸನೆಯದ್ದೆಲ್ಲ ಕಾರಿನೊಳಗೆ ಇರಲಿ. ಸೌದೆ ಅಲ್ಲೇ ಕೊಳ್ಳಿ. ಮನೆಯಿಂದ ಒಯ್ದ ಸೌದೆಯ ಜೊತೆ ಮರ ಕೊರೆಯುವ ಕೀಟಗಳೂ ಪ್ರಯಾಣ ಮಾಡುತ್ತವೆ.

ಪ್ರಶ್ನೆ ಕೇಳಿದ ಹುಡುಗ ಈಗ ದೊಡ್ಡವನಾಗಿದ್ದಾನೆ. ಗಾಳ ಮುಟ್ಟುವುದಿಲ್ಲ, ಆದರೆ ಒಂದು ಪ್ರವಾಸವನ್ನೂ ತಪ್ಪಿಸುವುದಿಲ್ಲ. ಅಟ್ಲಾಂಟಿಕ್ ಸಾಲ್ಮನ್ ಯೋಜನೆಯ ಭಾಗವಾಗಿ ಇಲ್ಲಿನ ಕೆಲವು ಶಾಲೆಗಳ ತರಗತಿಯಲ್ಲೇ ತಣ್ಣೀರಿನ ತೊಟ್ಟಿಯಿಟ್ಟು ಚಳಿಗಾಲದಲ್ಲಿ ಮೊಟ್ಟೆ ಮರಿಮಾಡಿಸುತ್ತಾರೆ. ಅವನ ಶಾಲೆಯಲ್ಲೂ ಒಂದಿತ್ತು. ವಸಂತದಲ್ಲಿ ಮಕ್ಕಳೆಲ್ಲ ಲೋಟದಲ್ಲಿ ಬೆರಳ ಗೆಣ್ಣಿನಷ್ಟುದ್ದದ ಮರಿಗಳನ್ನು ಒಯ್ದು ಹೊಳೆಗೆ ಬಿಟ್ಟು ಬಂದರು. ಅವುಗಳಲ್ಲಿ ಎಷ್ಟು ಮರಿ ಬೆಳೆದು ಮರಳಿ ಬರುತ್ತವೆ ಎಂದು ಕೇಳಿದೆವು. “ಜಾಸ್ತಿ ಬರಲ್ಲ ಅಂಕಲ್, ಆದ್ರೂ ಬಿಡ್ಬೇಕು” ಎಂದ.